ಬರ್ತೀನಿ ಎಂದ ಪ್ಲೇಯರ್

ವಾರಿಜಮ್ಮ ಆಫ್ ಮಾಡಿದಾಗ ಅವರ ಪುಟ್ಟ ಮ್ಯೂಸಿಕ್ ಪ್ಲೇಯರ್ "ಬರ್ತೀನಿ" ಎಂದು ಹೇಳಿ ಕಣ್ಣು ಮುಚ್ಚಿತು.

ನಾಲ್ಕನೇ ದಿನ ಒಳಗಿದ್ದ ಬ್ಯಾಟರಿ ರೇಗಿತು: "ಹಾಡೂ ಇಲ್ಲ, ದೀಪವೂ ಇಲ್ಲ, ಆದರೂ ನಾನು ಸೊರಗುತ್ತಿದ್ದೇನೆ. ಮಲಗಿಕೊಂಡೇ ನನ್ನನ್ನು ಹೇಗಯ್ಯಾ ತಿನ್ನುತ್ತೀಯ?"

"ಮಲಗುವುದೆಲ್ಲಿ ಬಂತು! ಹೊರಡುವಾಗ 'ಹೋಗ್ತೀನಿ' ಅನ್ನಬಾರದು, ಅಪಶಕುನ. ಅದಕ್ಕೇ 'ಬರ್ತೀನಿ' ಅಂದೆ. ಅಂದ ಮೇಲೆ ಬಾಗಿಲಲ್ಲೇ ನಿಂತಿರಬೇಡವೇ? ಬಟನ್ ಒತ್ತಿದರೇನೋ ಎಂದು ಗಳಿಗೆಗೊಮ್ಮೆ ಇಣುಕುತ್ತೇನೆ. ಇಣುಕಿದಾಗಲೆಲ್ಲ ನಿನ್ನಿಂದ ಒಂದೇ ಒಂದು ತುತ್ತು."

"ನಾಲ್ಕು ದಿನದಿಂದಲೂ ತುತ್ತೇ!"

"ಕೊಟ್ಟ ಮಾತು ತಪ್ಪಲಾದೀತೇ?"

ಭಾನುವಾರ ವಾರಿಜಮ್ಮ ವಾಕಿಂಗಿಗೆ ಹೊರಟು ಬಟನ್ ಒತ್ತಿದರು. ಪ್ಲೇಯರ್ ಗಂಟಲು ಸರಿಮಾಡಿಕೊಂಡು, "ಬಂದೆ!" ಎಂದಿತು.

"ನಾನು ಹೋಗ್ತೀನಿ" ಎಂದಿತು ಬ್ಯಾಟರಿ. ಹೋಗಿಯೇಬಿಟ್ಟಿತು.