ಕಂಬಳಿವೀರನನ್ನು ಬರೆದ ರಾಜೇಸಾಬ

ಯಾವ ಕಾಲವೋ ಏನೋ, ನನಗೆ ಹೇಳಿದವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರೆಹೊಲದ ಸೀಮೆಯಲ್ಲಿ ಹುಣಸಿನಾಳ ಅಂತ ಒಂದು ಊರು. ಆ ಊರಲ್ಲಿ ಬಂಡಿಗೆ, ಬಾಗಿಲಿಗೆ ಬಣ್ಣ ಬರೆಯುವ ರಾಜೇಸಾಬ ಅಂತ ಒಬ್ಬನಿದ್ದ. ಅವನು ಬಾಗಿಲ ಮೇಲೆ ಗಿಳಿ ಬರೆದರೆ ಬೆಕ್ಕು ಬಂದು ಕೆಳಗೆ ಹೊಂಚು ಹಾಕಿ ಕೂರುತ್ತಿತ್ತಂತೆ.

ಅಮಾವಾಸ್ಯೆ ದಿನ ಯಾರೂ ಎತ್ತು ಹೂಡುತ್ತಿರಲಿಲ್ಲ. ಅವತ್ತು ರಾಜೇಸಾಬ ತಾನೇ ಹೊಲಿದ ಒಂದು ಪುಸ್ತಕ ತಂದು ಕಮ್ಮಾರನ ಕುಲುಮೆ ಮುಂದಿನ ಕಟ್ಟೆ ಮೇಲೆ ಇಡುತ್ತಿದ್ದ. ಹಾಳೆ ತುಂಬಾ ಚೌಕ, ಚೌಕದೊಳಗೆ ಚಿತ್ರ, ಚಿತ್ರದ ಕೆಳಗೆ ಒಂದೆರಡು ಸಾಲು ಮಾತು. ಈಗ ನೀವು ಕಾಮಿಕ್ಸ್ ಅಂತೀರಲ್ಲ, ಅಂಥದ್ದೇ. ಅದರಲ್ಲಿ ಕಂಬಳಿವೀರ ಅಂತ ಒಬ್ಬ. ತಲೆ ಮೇಲಿಂದ ಕಂಬಳಿಯ ಕೊಪ್ಪೆ ಹಾಕಿಕೊಂಡು ಮುಖ ತೋರಿಸದವನು. ಕಂಬಳಿಯ ಅಂಚು ಬೀಸಿದರೆ ಹಾರುವವನು. ಯಾರದೋ ಎತ್ತು ಮಾಯವಾದರೆ, ಯಾರದೋ ಬಣವೆಗೆ ಬೆಂಕಿ ಬಿದ್ದರೆ, ಮಾಡಿದವನನ್ನು ಹುಡುಕಿ ಕಡೆಯ ಚೌಕದಲ್ಲಿ ತಂದು ನಿಲ್ಲಿಸುವವನು.

ಓದಿ ಹೇಳುತ್ತಿದ್ದವಳು ನೀಲವ್ವ. ಊರಿನ ಬಾಣಂತನವೆಲ್ಲ ಅವಳ ಕೈಯಲ್ಲೇ. ಅಕ್ಷರ ಬಲ್ಲವಳು, ಕತೆ ಅಂದರೆ ಪ್ರಾಣ. ಕುಂಬಾರ ಭರಮಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವಳು ಓದಿ ಮುಗಿಸುವ ಮೊದಲೇ ಚಿತ್ರ ನೋಡಿ ಕಳ್ಳ ಯಾರು ಅಂತ ಹೇಳಿಬಿಡುತ್ತಿದ್ದ. ನೀಲವ್ವನಿಗೆ ಮೈಯೆಲ್ಲ ಉರಿ.

"ಕತಿ ಇಲ್ಲದ ಚಿತ್ರ ಅಂದ್ರ ಉಪ್ಪಿಲ್ಲದ ಅಂಬಲಿ," ಅಂತ ಅವಳು.

"ಮಾತು ಗಾಳಿಗೆ ಹೋಗ್ತೈತಿ ಬೇ, ಗೆರಿ ನಿಲ್ತೈತಿ," ಅಂತ ಅವನು.

ಊರು ಎರಡು ಪಾಲಾಗಿ ಕೂತು ವಾದ ಮಾಡುತ್ತಿತ್ತಂತೆ. ರಾಜೇಸಾಬ ಮಾತ್ರ ಬೀಡಿ ಕಚ್ಚಿಕೊಂಡು ಸುಮ್ಮನೆ ಕೇಳುತ್ತಿದ್ದನಂತೆ.

ಒಂದು ಅಮಾವಾಸ್ಯೆಗೆ ಬಂದ ಕತೆಯಲ್ಲಿ ಕಂಬಳಿವೀರ ಒಂದು ಹಾಳು ಹಗೇವಿಗೆ ಇಳಿಯುತ್ತಾನೆ. ಹಗೇವು ಅಂದರೆ ಗೊತ್ತಲ್ಲ, ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಇಳಿಯುವ ಮೊದಲು ಅವನು ಹಗ್ಗಕ್ಕೆ ದೀಪ ಕಟ್ಟಿ ಬಿಡುತ್ತಾನೆ. 'ದೀಪ ಬದುಕಿದರೆ ನಾನೂ ಬದುಕುವೆ' ಅಂತ ಕೆಳಗೆ ಮಾತು. ಹಗೇವಿನ ಕತ್ತಲೆಗೆ ಎರಡು ಹಾಳೆ ಪೂರ್ತಿ ಕಾಡಿಗೆ ಮೆತ್ತಿದ್ದ ರಾಜೇಸಾಬ.

ನೀಲವ್ವ ಪುಸ್ತಕ ಮಡಚಿಬಿಟ್ಟಳು. ಇವನಿಗೆ ಕರಿ ಬಣ್ಣ ಮೆತ್ತುವ ಚಟ, ಅದಕ್ಕೆ ಇಲ್ಲದ ಹಗೇವು ಹುಟ್ಟಿಸಿ ಕತೆ ಕೆಡಿಸಿದ್ದಾನೆ ಅಂದಳು.

ರಾಜೇಸಾಬ ಅವತ್ತೊಂದಿನ ಬಾಯಿ ಬಿಟ್ಟ. "ಹುಟ್ಟಿಸಿಲ್ಲವ್ವ. ಹಳೇ ಹುಡೇವಿನ ಹಿಂದ ಐತಿ. ಕಂಡದ್ದು ಬರದೀನಿ."

ಹುಡೇವು ಅಂದರೆ ಊರ ಕಾವಲಿನ ಕಲ್ಲುಗೋಪುರ. ಬಿದ್ದುಹೋಗಿತ್ತು, ಸುತ್ತ ಜಾಲಿಮುಳ್ಳು. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ನೀಲವ್ವ ಮರುದಿನ ಬೆಳಿಗ್ಗೆ, ಇವನ ಸುಳ್ಳು ಹಿಡಿದೇ ಬರುತ್ತೇನೆ ಅಂತ ಸೊಸೆಗೆ ಹೇಳಿ ಹೋದಳು.

ಮಧ್ಯಾಹ್ನವಾಯಿತು, ಬರಲಿಲ್ಲ. ಅತ್ತ ಗೌಡರ ಓಣಿಯಲ್ಲಿ ಚೊಚ್ಚಲ ಬಸುರಿಗೆ ನೋವು ಶುರುವಾಗಿ ಕರೆ ಬಂತು. ಸೊಸೆ ಬಾಯಿ ಬಡಿದುಕೊಂಡು ಕುಲುಮೆಗೆ ಓಡಿದಳು.

ಊರಿಗೆ ಊರೇ ಹುಡೇವಿಗೆ ಹೋಯಿತು. ನೋಡಿದರೆ ಎಲ್ಲೆಲ್ಲೂ ಮುಳ್ಳು, ಎಲ್ಲೆಲ್ಲೂ ಕಲ್ಲು. ಕೂಗಿದರೆ ಓ ಅನ್ನುವವರಿಲ್ಲ. ರಾಜೇಸಾಬ ಅಲ್ಲಿಗೆ ಬಂದು ಎಷ್ಟೋ ವರ್ಷವಾಗಿತ್ತು. ಜಾಲಿ ಬೆಳೆದು ಗುರುತೆಲ್ಲ ಅಳಿಸಿಹೋಗಿತ್ತು, ಜಾಗ ಗೊತ್ತಾಗದೆ ಅವನು ಅಲ್ಲೇ ಕೂತುಬಿಟ್ಟ. ಆಗ ಭರಮಪ್ಪ ಕುಲುಮೆ ಕಟ್ಟೆಯಿಂದ ತಂದಿದ್ದ ಪುಸ್ತಕ ಬಿಚ್ಚಿ ಚಿತ್ರ ಹಿಡಿದು ನಿಂತ. ಚಿತ್ರದಲ್ಲಿ ಒಂದು ಒಡೆದ ಬೀಸುಕಲ್ಲು, ಅದರ ಪಕ್ಕಕ್ಕೆ ಹಗೇವಿನ ಬಾಯಿ. "ಬೀಸುಕಲ್ಲು ಹುಡುಕ್ರಿ!" ಅಂತ ಕೂಗಿದ. ಹುಡುಕಿದರು. ಸಿಕ್ಕಿತು. ಪಕ್ಕದಲ್ಲೇ ಮುಳ್ಳು ಮುರಿದು ಕರ್ರಗೆ ಬಾಯಿ. ಒಳಗಿಂದ ಒಂದು ನರಳಿಕೆ.

ಭರಮಪ್ಪ ಧೋತರ ಕಟ್ಟಿ ಇಳಿಯಲು ಹೋದ. ಅವನ ಮೂರೂ ಮಕ್ಕಳನ್ನು ಈ ಲೋಕಕ್ಕೆ ತಂದವಳು ನೀಲವ್ವನೇ ಅಲ್ಲವೇ? ರಾಜೇಸಾಬ ಎದ್ದು ಬಂದು ಅವನ ಕಾಲು ತಬ್ಬಿಕೊಂಡ. "ನಿನ್ನೆ ಆಕೀನ ಓದಿದಳಲ್ಲೋ! ದೀಪ ಮೊದಲು!"

ದೀಪ ಬಿಟ್ಟರು. ನೀಲವ್ವ ಕುಸಿದ ಮಣ್ಣಿನ ದಿಬ್ಬದ ಮೇಲೆ ಬಿದ್ದಿದ್ದಳು. ಅಲ್ಲಿ ದೀಪ ಸೊರಗಿತು. ಇನ್ನೊಂದು ಮೊಳ ಕೆಳಗೆ ಬಿಟ್ಟರೆ ಆರಿಯೇ ಹೋಯಿತು. ಒಳಗಿನ ಗಾಳಿ ಕೆಟ್ಟಿತ್ತು. ಆಗ ಕಂಬಳಿಗಳನ್ನು ಬಿಚ್ಚಿ ಬಾಯಿಗೆ ಬೀಸಿದರು, ಬೇವಿನ ಟೊಂಗೆ ಹಗ್ಗಕ್ಕೆ ಕಟ್ಟಿ ಇಳಿಸಿ ಎಳೆದರು, ಇಳಿಸಿ ಎಳೆದರು. ರಟ್ಟೆ ಬಿದ್ದುಹೋಗುವ ತನಕ ಬೀಸಿದರಂತೆ. ಮತ್ತೆ ದೀಪ ಬಿಟ್ಟಾಗ ಅದು ನೆಟ್ಟಗೆ ಉರಿಯಿತು. ಭರಮಪ್ಪ ಇಳಿದ, ಅವಳನ್ನು ಬೆನ್ನಿಗೆ ಕಟ್ಟಿಕೊಂಡ, ಹತ್ತಿದ.

ಮೇಲೆ ಬಂದ ನೀಲವ್ವ ನೀರು ಕುಡಿದಳು, ಉಸಿರು ತಗೊಂಡಳು, ಚಿತ್ರದ ಕಡೆ ನೋಡಿದಳು. "ಬೀಸುಕಲ್ಲು ಎಡಕ್ಕ ಬರದೀಯಲ್ಲೋ ರಾಜೇಸಾಬ. ಬಲಕ್ಕೈತಿ."

ರಾಜೇಸಾಬ ಅಳುತ್ತಲೇ ನಕ್ಕನಂತೆ. ಊರೆಲ್ಲ ನಕ್ಕಿತಂತೆ. ನೀಲವ್ವ ಕುಂಟುತ್ತಲೇ ಗೌಡರ ಓಣಿಗೆ ಹೋದಳು. ಹೊತ್ತು ಮುಳುಗುವ ಮುಂಚೆ ಹೆಣ್ಣುಕೂಸು ಅತ್ತಿತು, ತಾಯಿಯೂ ಉಳಿದಳು.

ಈಗ ಕೆಲವರು ಹೇಳುತ್ತಾರೆ, ರಾಜೇಸಾಬನೇ ಕಂಬಳಿ ಬೀಸಿ ಹಾರಿ ಒಳಗೆ ಇಳಿದ ಅಂತ. ಇನ್ನು ಕೆಲವರು, ಚಿತ್ರದಿಂದ ಕಂಬಳಿವೀರನೇ ಎದ್ದು ಬಂದ ಅಂತ. ಹಗ್ಗದ ತುದಿ ಹಿಡಿದಿದ್ದವಳು ನಮ್ಮ ಅಜ್ಜಿಯ ತಾಯಿ. ಯಾರೂ ಹಾರಲಿಲ್ಲ, ಹಾರಿದ್ದು ಬರೀ ಧೂಳು ಅಂತ ಅವಳ ಮಾತು. ನಾನು ಅವಳ ಮಾತು ನಂಬುತ್ತೇನೆ. ನೀವು ನಿಮಗೆ ಬೇಕಾದ್ದು ನಂಬಿ.

ಚಿತ್ರ ದೊಡ್ಡದೋ ಕತೆ ದೊಡ್ಡದೋ ಅನ್ನುವುದು ಮಾತ್ರ ತೀರ್ಮಾನವಾಗಲೇ ಇಲ್ಲ. ರಾಜೇಸಾಬ ಸತ್ತ ದಿನವೂ ಗೋರಿಯಿಂದ ಬರುವ ದಾರಿಯಲ್ಲಿ ನೀಲವ್ವ, ಭರಮಪ್ಪ ಇಬ್ಬರೂ ಜಗಳ ಆಡಿದರಂತೆ.

ಇವತ್ತಿಗೂ ಹುಣಸಿನಾಳದವರು ಹಗೇವು ತೆಗೆಯುವ ದಿನ ಅದರ ಬಾಯಿ ಪಕ್ಕ ಸುಣ್ಣದಲ್ಲಿ ಒಂದು ಕಂಬಳಿವೀರನ ಚಿತ್ರ ಬರೆಯುತ್ತಾರೆ. ಬರೆದವರು ಪಕ್ಕಕ್ಕೆ ಸರಿದು ನಿಲ್ಲಬೇಕು. ನೆರೆದವರಲ್ಲಿ ಯಾರಾದರೂ ಒಬ್ಬರು ನೀಲವ್ವನ ಹಾಗೆ ಮುಂದೆ ಬಂದು, ಮೂಗು ಸೊಟ್ಟ, ಕಾಲು ಗಿಡ್ಡ, ಏನಾದರೂ ಒಂದು ತಪ್ಪು ಹೇಳಬೇಕು. ತಪ್ಪು ಸಿಗುವ ತನಕ ಯಾರೂ ಒಳಗೆ ಇಳಿಯುವ ಹಾಗಿಲ್ಲ.