ಹಸಿವಿಗಾಗಿ ಕಾದ ಮನೆ

ಗುರುಮಲ್ಲಮ್ಮ ಮಠದ ಜಗಲಿಯ ಮೇಲೆ ಕುಳಿತು ಗುರುಗಳನ್ನು ಕೇಳಿದಳು: "ಬುದ್ಧಿ, ನನ್ನ ಮಗಳು ರಾತ್ರಿಯೆಲ್ಲ ಗೊರಕೆ ಹೊಡೆಯುತ್ತಾಳೆ, ಉಸಿರು ಕಟ್ಟಿ ಎದ್ದು ಕೂರುತ್ತಾಳೆ. ಹಗಲು ಕೂತಲ್ಲೇ ತೂಕಡಿಸುತ್ತಾಳೆ. ಇನ್ನೂ ಎಂಟು ವರ್ಷ, ಆಗಲೇ ನನ್ನ ರವಿಕೆ ಅವಳಿಗೆ ಬಿಗಿ. ಹೊಟ್ಟೆಗೆ ನಾನೇನೂ ಕಡಿಮೆ ಮಾಡಿಲ್ಲ. ಇನ್ನೇನು ಕೊಡಲಿ?"

ಗುರುಗಳು ಅವಳಿಗೊಂದು ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಅವನಿಗೊಂದು ಹೆಣ್ಣುಮಗು ಹುಟ್ಟಿತು. ಅವನು ಬುದ್ಧಿ ಬಂದಾಗಿನಿಂದ ತಕ್ಕಡಿಯ ಮುಂದೆ ಕುಳಿತವನು. ತೂಕ ಹೆಚ್ಚಾದರೆ ಲಾಭ, ಕಡಿಮೆಯಾದರೆ ನಷ್ಟ, ಅವನಿಗೆ ತಿಳಿದದ್ದು ಇಷ್ಟೇ. ಪ್ರತಿ ಸೋಮವಾರ ಅಂಗಡಿ ತೆರೆದ ಕೂಡಲೇ ಮಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದಕ್ಕೆ ಬೆಲ್ಲದ ಅಚ್ಚುಗಳನ್ನು ಇಡುತ್ತಿದ್ದ. ಹೋದ ವಾರಕ್ಕಿಂತ ಒಂದಚ್ಚು ಹೆಚ್ಚು ಹಿಡಿದರೆ, ಖುಷಿಗೆ ಆ ಅಚ್ಚನ್ನು ಮಗಳ ಕೈಗೇ ಕೊಡುತ್ತಿದ್ದ. ಹಾಗಾಗಿ ಮುಂದಿನ ವಾರವೂ ಒಂದಚ್ಚು ಹೆಚ್ಚು ಹಿಡಿಯುತ್ತಿತ್ತು.

ಮಗುವಿಗೆ ಏಳು ತುಂಬಿತು. ಅದು ಗೊರಕೆ ಹೊಡೆದರೆ ಕೊಟ್ಟಿಗೆಯ ಎಮ್ಮೆ ತಲೆಯೆತ್ತಿ ನೋಡುತ್ತಿತ್ತು. ಗೊರಕೆಯ ನಡುವೆ ಒಮ್ಮೊಮ್ಮೆ ಉಸಿರು ನಿಂತುಬಿಡುತ್ತಿತ್ತು. ಅದು ಮರಳುವವರೆಗೆ ತಾಯಿಯೂ ತನ್ನ ಉಸಿರು ಹಿಡಿದು ಕೂರುತ್ತಿದ್ದಳು. ಒಂದು ದಿನ ಮರಳದೇ ಹೋದರೆ ಎಂಬ ಭಯವನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಮಗು ಬೆಚ್ಚಿ ಎದ್ದರೆ, ಹಸಿದಿರಬೇಕು ಎಂದು ಹಾಲಿಗೆ ತುಪ್ಪ ಬೆರೆಸಿ ಕುಡಿಸುತ್ತಿದ್ದಳು. ಶಾಲೆಯಲ್ಲಿ ಮಗು ಸ್ಲೇಟಿನ ಮೇಲೆ ಕೆನ್ನೆಯಿಟ್ಟು ಮಲಗುತ್ತಿತ್ತು. ಮನೆಗೆ ಬಂದಾಗ ಮಗ್ಗಿ ಅರ್ಧ ಕೆನ್ನೆಯ ಮೇಲಿರುತ್ತಿತ್ತು.

ಯಾರದೋ ಕಣ್ಣು ಬಿದ್ದಿದೆ ಎಂದು ಅತ್ತೆ ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದಳು. ಘಾಟಿಗೆ ಇಡೀ ಬೀದಿ ಕೆಮ್ಮಿತು. ಮಗು ಮಾತ್ರ ತೂಕಡಿಸುತ್ತಲೇ ಇತ್ತು.

ಕೊನೆಗೆ ತಾಯಿ ಮಗುವನ್ನು ಕರೆದುಕೊಂಡು ಪಕ್ಕದೂರಿನ ನಾಟಿವೈದ್ಯದ ಮುದುಕಿಯ ಹತ್ತಿರ ಹೋದಳು. ಮುದುಕಿ ನಾಡಿ ಹಿಡಿದಳು, ಗಂಟಲು ನೋಡಿದಳು, ಬೆಳಗಿನಿಂದ ಏನೇನು ತಿಂದಿದೆ ಎಂದು ಕೇಳಿದಳು. ಉತ್ತರ ಮುಗಿಯುವಷ್ಟರಲ್ಲಿ ಏಳು ಪೊಟ್ಟಣ ಪುಡಿ ಕಟ್ಟಿ ಮುಗಿಸಿದ್ದಳು.

"ನೀರಲ್ಲಿ ಕಲಸಿ ಊಟಕ್ಕೆ ಮೊದಲು ಕೊಡು. ಆದರೆ ಮಗು ತಾನಾಗಿ ಬಂದು ಹಸಿವು ಅಂದ ಮೇಲೇ ಕೊಡಬೇಕು. ಹಸಿಯದ ಹೊಟ್ಟೆಗೆ ಬಿದ್ದರೆ ಈ ಮದ್ದು ನಂಜಾಗುತ್ತೆ."

"ಅಷ್ಟೇನಾ ಅಜ್ಜಿ? ನಾಳೆ ಬೆಳಗ್ಗೇನೇ ಕೊಡ್ತೀನಿ."

"ಕೊಡು, ನೋಡೋಣ" ಎಂದು ಮುದುಕಿ ಬಾಯಿಗೆ ಎಲೆಯಡಿಕೆ ಹಾಕಿಕೊಂಡಳು.

ಮರುದಿನ ತಾಯಿ ಬಟ್ಟಲಲ್ಲಿ ಮದ್ದು ಕಲಸಿಟ್ಟು ಕಾದಳು. ಮಗು ಕಣ್ಣುಜ್ಜಿಕೊಳ್ಳುವ ಮೊದಲೇ ಅತ್ತೆ ಅದರ ಕೈಗೆ ಕೋಡುಬಳೆ ಇಟ್ಟಾಗಿತ್ತು. ಕೋಡುಬಳೆ ಮುಗಿಯುವ ಮೊದಲೇ ಬೆಲ್ಲ ತಿನ್ನಲು ಅಂಗಡಿಯಿಂದ ಅಪ್ಪನ ಕರೆ ಬಂತು. ಅಂಗಡಿಯಿಂದ ಬರುವಾಗ ನೆರೆಮನೆಯವಳು ಕಜ್ಜಾಯ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಸಂಜೆಗೆ ಬಟ್ಟಲಿನ ಮದ್ದು ಒಣಗಿ ಹೋಯಿತು.

ಎರಡನೆಯ ದಿನ ಅವಳು ಮಗುವಿನ ಬೆನ್ನಿಗೇ ನಿಂತಳು. ಏಳು ವರ್ಷದಲ್ಲಿ ಕಾಣದ್ದು ಆಗ ಕಂಡಿತು. ಆ ಮನೆಯಲ್ಲಿ ಹಸಿವಿಗೆ ಒಳಗೆ ಬರಲು ಸಂದೇ ಇರಲಿಲ್ಲ. ಅದಕ್ಕಿಂತ ಮೊದಲು ಯಾರದೋ ಕೈ ಬಂದಿರುತ್ತಿತ್ತು. ಮಧ್ಯಾಹ್ನ ಚಕ್ಕುಲಿ ಡಬ್ಬದ ಮುಚ್ಚಳ ತೆಗೆದ ಕೈಯನ್ನು ಅವಳು ಗಬಕ್ಕನೆ ಹಿಡಿದಳು. ನೋಡಿದರೆ ಅದು ಅವಳದೇ ಕೈ.

ಅವಳು ನಡುಮನೆಯಲ್ಲಿ ಸೆರಗು ಸಿಕ್ಕಿಸಿ ನಿಂತಳು. "ಇವತ್ತಿಂದ ಈ ಮಗು ಕೇಳದೆ ಯಾರಾದರೂ ಅದರ ಬಾಯಿಗೆ ಏನಾದರೂ ಹಾಕಿದರೆ, ಮದ್ದು ನಂಜಾದ ಪಾಪ ಅವರ ತಲೆಗೇ ಸುತ್ತಿಕೊಳ್ಳಲಿ."

"ನೀನು ತಾಯಿಯೋ ರಾಕ್ಷಸಿಯೋ?" ಎಂದಳು ಅತ್ತೆ.

"ಮೊದಲು ಸೆರಗಿನ ಗಂಟು ಬಿಚ್ಚಿ ಅತ್ತೆ, ಆಮೇಲೆ ಬೈಯುವಿರಂತೆ."

ಗಂಟು ಬಿಚ್ಚಿದರೆ ನಾಲ್ಕು ಕೊಬ್ಬರಿ ಮಿಠಾಯಿ ಬಿದ್ದವು. ವ್ಯಾಪಾರಿ ಯಾರೂ ಕೇಳದಿದ್ದರೂ ತನ್ನ ಜೇಬನ್ನು ತಾನೇ ಬೆಂಚಿನ ಮೇಲೆ ಸುರಿದ.

ಮೂರನೆಯ ದಿನ ಮಗುವಿನ ಬಾಯಿಗೆ ಕೆಲಸವಿಲ್ಲದೆ ಹೋಯಿತು. ಅದು ಹಿತ್ತಲಿಗೆ ಹೋಯಿತು, ಕರುವನ್ನು ಅಟ್ಟಿಸಿಕೊಂಡು ಓಡಿತು, ಓಡಲಾರದೆ ಕುಳಿತಿತು, ಎದ್ದು ಮತ್ತೆ ಓಡಿತು. ಊಟದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಬಂತು.

"ಅಮ್ಮಾ, ಹೊಟ್ಟೆ ಒಳಗೆ ಏನೋ ಕೂತ್ಕೊಂಡು ಎಳೀತಾ ಇದೆ."

ಇಂಥ ಕಾಯಿಲೆಯನ್ನು ಆ ಮನೆ ಕಂಡಿರಲಿಲ್ಲ. ಅತ್ತೆ ಎದೆ ಬಡಿದುಕೊಂಡಳು. ವ್ಯಾಪಾರಿ ಗಿರಾಕಿಯ ಬೆಲ್ಲವನ್ನು ತಕ್ಕಡಿಯಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿ ಮುದುಕಿಯನ್ನು ಕರೆತಂದ. ಮುದುಕಿ ಮಗುವಿನ ಹೊಟ್ಟೆಗೆ ಕಿವಿ ಇಟ್ಟು ಕೇಳಿದಳು.

"ಇದಕ್ಕೆ ಹಸಿವು ಅಂತಾರೆ ಮಗಳೇ. ನಿಮ್ಮ ಮನೆಗೆ ಹೊಸ ನೆಂಟ. ಇನ್ನು ದಿನಕ್ಕೆ ಮೂರು ಸಲ ಬರ್ತಾನೆ, ಹೆದರಬೇಡ."

ಮಗು ಮದ್ದು ನುಂಗಿ, ಒಂದು ರಾಗಿಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಉಂಡು, ಕೈ ತೊಳೆದು ಹಿತ್ತಲಿಗೆ ಹೋಯಿತು. ಆ ಪುಡಿ ಶುಂಠಿಯೋ ಬರೀ ಬೂದಿಯೋ ಯಾರೂ ಕೇಳಲಿಲ್ಲ.

ಪುಡಿ ಮುಗಿದ ಮೇಲೂ ಆರು ತಿಂಗಳು ಹೀಗೇ ನಡೆಯಿತು. ಒಂದು ರಾತ್ರಿ ತಾಯಿಗೆ ತಟ್ಟನೆ ಎಚ್ಚರವಾಯಿತು. ಗೊರಕೆಯಿಲ್ಲ, ಸದ್ದಿಲ್ಲ. ಮಗುವಿನ ಎರಡೂ ಭುಜ ಹಿಡಿದು ಅಲುಗಾಡಿಸಿದಳು.

"ಏನಮ್ಮಾ ನೀನು, ಮಲಗೋಕೂ ಬಿಡಲ್ವಾ?" ಎಂದು ಮಗು ಸಿಡುಕಿ, ಮಗ್ಗುಲು ಬದಲಿಸಿ, ಮತ್ತೆ ಸದ್ದಿಲ್ಲದೆ ಮಲಗಿತು. ಬೆಳಗ್ಗೆ ತಾಯಿಯನ್ನು ಎಬ್ಬಿಸಲು ಮನೆಮಂದಿಯೆಲ್ಲ ಸೇರಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ಗುರುಮಲ್ಲಮ್ಮನಿಗೆ ಸಮಾಧಾನವಾಗಲಿಲ್ಲ.

"ಎಲ್ಲ ಸರಿ ಬುದ್ಧಿ. ಆದರೆ ಹೆತ್ತ ಮಗು ಹಸಿದು ಹೊಟ್ಟೆ ಹಿಡಿದುಕೊಳ್ಳುವವರೆಗೆ ನೋಡುತ್ತಾ ಕೂರಲು ಆ ತಾಯಿಗೆ ಮನಸ್ಸಾದರೂ ಹೇಗೆ ಬಂತು?"

"ಹೆತ್ತ ಮಗು ಉಸಿರು ಕಟ್ಟಿ ಏಳುವುದನ್ನು ಇಷ್ಟು ದಿನ ನೋಡುತ್ತಾ ಕೂರಲು ನಿನಗೆ ಮನಸ್ಸು ಹೇಗೆ ಬಂತೋ ಹಾಗೆಯೇ, ತಾಯಿ."