ಶನಿವಾರ ತೆರೆದ ಅಂಗಡಿ

ಹುಬ್ಬಳ್ಳಿಯ ಪೇಟೆಯಲ್ಲಿ ಯಹೂದಿ ಮನೆತನವೊಂದರ ಹಳೆಯ ಬಟ್ಟೆ ಅಂಗಡಿಯಿತ್ತು. ಅದರ ಮರದ ಫಲಕದ ಮೇಲೆ ‘ಸ್ಯಾಮ್ಸನ್ ನಾಗಾಂವಕರ ಮತ್ತು ಮಕ್ಕಳು’ ಎಂದೂ, ಕೆಳಗೆ ‘ಶನಿವಾರ ರಜೆ’ ಎಂದೂ ಬರೆದಿತ್ತು. ಶನಿವಾರ ಅವರು ದೇವರಿಗೆಂದು ಬಿಟ್ಟ ದಿನ. ಗಿರಾಕಿಗಳು ಬರುವುದೇ ತನ್ನ ಅಂದದ ಅಕ್ಷರ ನೋಡಿ ಎಂದು ಫಲಕಕ್ಕೆ ಜಂಬ.

ಮನೆತನದ ಕೊನೆಯವಳಾದ ಮಿರಿಯಂಬಾಯಿ ಅಂಗಡಿ ಮಾರಿದಳು. ಹೊಸ ಮಾಲೀಕ ಹೆಸರನ್ನು ಹಾಗೆಯೇ ಉಳಿಸಿಕೊಂಡು, ರಜೆಯ ಸಾಲಿಗೆ ಮಾತ್ರ ಬಣ್ಣ ಬಳಿಸಿದ.

“ನೋಡಿದೆಯಾ? ಒಡತಿ ಹೋದಳು, ನಾನು ಉಳಿದೆ,” ಎಂದು ಫಲಕ ಬಾಗಿಲಿಗೆ ಹೇಳಿತು.

“ಬಣ್ಣ ಬಳಿಸಿಕೊಳ್ಳುವಾಗ ನಾಚಿಕೆಯಾಗಲಿಲ್ಲವೇ? ದೀಪಾವಳಿಯ ವ್ಯಾಪಾರವಿದ್ದರೂ ಆಕೆ ಶನಿವಾರ ನನ್ನನ್ನು ತೆರೆದವಳಲ್ಲ.”

“ವ್ಯಾಪಾರ ತಿಳಿಯದವರ ಹಠ ಅದು. ಆ ಸಾಲು ನನ್ನ ಮೈಮೇಲಿನ ಕಲೆಯಾಗಿತ್ತು.”

ಮುಂದಿನ ಶನಿವಾರವೇ ಹಳೆಯ ಗಿರಾಕಿ ಗಂಗವ್ವ ಮೊಮ್ಮಗಳ ಮದುವೆಯ ಬಟ್ಟೆಗೆಂದು ಸೊಸೆಯೊಂದಿಗೆ ಪೇಟೆಗೆ ಬಂದಳು. ಶನಿವಾರ ರಜೆಯೆಂದು ಈ ಅಂಗಡಿ ದಾಟಿ ಹೋಗುತ್ತಿದ್ದವಳನ್ನು ಸೊಸೆ ತಡೆದಳು.

“ಇದೇ ಅಂಗಡಿ ಅತ್ತಿ, ಹೆಸರು ಅದೇ ಐತಿ,” ಎಂದಳು ಸೊಸೆ. ಫಲಕ ಎದೆಯುಬ್ಬಿಸಿತು.

ಗಂಗವ್ವ ಮೆಟ್ಟಿಲ ಬಳಿಯೇ ನಿಂತಳು. “ನನಗ ಓದಾಕ ಎಲ್ಲಿ ಬರತೈತಿ? ಶನಿವಾರ ಬಾಗಲಾ ತಗದಾರ ಅಂದ್ರ ಇವರು ಬ್ಯಾರೆಯವರು. ಬಟ್ಟಿ ಬಣ್ಣ ಹೋಗಂಗಿಲ್ಲ ಅಂತ ಮಿರಿಯಂಬಾಯಿ ಹೇಳಿದ್ರ ಹೋಗತಿರಲಿಲ್ಲ. ಇವರನ್ನ ಹೆಂಗ ನಂಬೂದು? ನಡಿ, ಮುಂದ ನೋಡೂಣು.”

ಇಬ್ಬರೂ ಹೊರಟುಹೋದರು.

“ನಲವತ್ತು ವರ್ಷ ಬಂದವಳು,” ಎಂದಿತು ಬಾಗಿಲು. “ನಿನ್ನ ಒಂದಕ್ಷರವೂ ಅವಳಿಗೆ ಗೊತ್ತಿರಲಿಲ್ಲ.”